ಅವನೇ ಹೇಳಲಿ: ಅಟ್ರಾಕ್ಟಾ ಗಿಲ್‌ಮಾರ್ಟಿನ್ ಅವರ ಸೋಮವಾರದ ಪಟ್ಟಿ

ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಫುಟ್‌ಬಾಲ್ ಬಗ್ಗೆ ಬರೆದವರಿಗೆ ಕೊರತೆಯಿಲ್ಲ. ಗೋಲುಗಳನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದವರಿದ್ದಾರೆ, ತರಬೇತುದಾರರ ಜನ್ಮ ಜಾಲಾಡಿದವರಿದ್ದಾರೆ, ಆಟ ಮುಗಿದ ಮೇಲೆ ತಾವೇ ತೊಂಬತ್ತು ನಿಮಿಷ ಓಡಿದವರಂತೆ ಏದುಸಿರು ಬಿಟ್ಟವರೂ ಇದ್ದಾರೆ. ಆದರೆ ಹದಿನೈದು ಹದಿನಾರರ ಪ್ರಾಯದಲ್ಲಿ ಒಂದು ಜೊತೆ ಬೂಟು ಹಿಡಿದು ಹೊರದೇಶದ ಕ್ಲಬ್ಬುಗಳಿಗೆ ಹೋದ ನಮ್ಮ ಮಕ್ಕಳ ಯೋಗಕ್ಷೇಮವನ್ನು ಮೂವತ್ತೆಂಟು ವರ್ಷಗಳ ಕಾಲ, ವಾರ ತಪ್ಪದೆ, ತಲೆಗೊಂದು ಸಾಲಿನಂತೆ ದಾಖಲಿಸಿದವರು ನನಗೆ ತಿಳಿದಂತೆ ಒಬ್ಬರೇ. ಅವರು ನಮ್ಮ ‘ಕಿಲ್‌ಬ್ರೊನಾ ಸೆಂಟಿನಲ್’ ವಾರಪತ್ರಿಕೆಯ ಅಟ್ರಾಕ್ಟಾ ಗಿಲ್‌ಮಾರ್ಟಿನ್. ಅರವತ್ತಾರು ತುಂಬಿ ನಿವೃತ್ತರಾಗುತ್ತಿರುವ ಅವರ ಗೌರವಾರ್ಥ ಹೊರಬರುತ್ತಿರುವ ಈ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ನನಗೆ ದೊರೆತಿರುವುದು ನನ್ನ ಭಾಗ್ಯ.

ಇಂಥ ಲೇಖನಗಳನ್ನು ಸಂತೋಷದಿಂದ ಬರೆಯುವುದು ವಾಡಿಕೆ. ನಾನು ದಿಗ್ಭ್ರಮೆಯಿಂದ ಬರೆಯುತ್ತಿದ್ದೇನೆ. ಮೂರು ವಾರದ ಹಿಂದೆ, ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಇಪ್ಪತ್ತಾರು ವರ್ಷ ಎದುರುಬದುರು ಮೇಜಿನಲ್ಲಿ ಕೂತು ಒಂದೇ ಕೆಟಲಿನ ಚಹಾ ಕುಡಿದ ಈ ಹೆಂಗಸಿನ ಬಗ್ಗೆ ನನಗೆ ಏನೇನೂ ಗೊತ್ತಿರಲಿಲ್ಲ ಎಂಬುದು ಗೊತ್ತಾಯಿತು. ಆ ಆಘಾತ ಇನ್ನೂ ಇಳಿದಿಲ್ಲ. ಅದರ ಜೊತೆಗೆ ನನ್ನದೇ ಒಂದು ತಪ್ಪೊಪ್ಪಿಗೆಯೂ ಇದೆ. ಎರಡನ್ನೂ ಕ್ರಮವಾಗಿ ಹೇಳುತ್ತೇನೆ. ಸಂಪಾದಕ ಮಂಡಳಿಯವರು ಅಭಿನಂದನೆಯ ಮಟ್ಟ ಇಳಿಯಿತೆಂದು ಬೇಸರಿಸಬಾರದು.

ಅಟ್ರಾಕ್ಟಾ ಅವರು 1986ರಲ್ಲಿ ಪತ್ರಿಕೆಗೆ ಸೇರಿದ್ದು ವರದಿಗಾರ್ತಿಯಾಗಿ ಅಲ್ಲ, ಕಚೇರಿಯ ಮುಂದಿನ ಕೌಂಟರಿನಲ್ಲಿ ಕೂತು ಜಾಹೀರಾತು ಬರೆದುಕೊಳ್ಳುವವರಾಗಿ. ಸೇರಿದ ಮೂರನೆಯ ತಿಂಗಳು ಅಂದಿನ ಸಂಪಾದಕರ ಬಳಿ ಹೋಗಿ, ಇಪ್ಪತ್ತೆರಡನೆಯ ಪುಟದಲ್ಲಿ, ಮೀನುಗಾರರಿಗಾಗಿ ಅಚ್ಚಾಗುವ ಉಬ್ಬರವಿಳಿತದ ವೇಳಾಪಟ್ಟಿಯ ಪಕ್ಕದಲ್ಲಿ, ಅಂಗೈಯಗಲ ಜಾಗ ಕೇಳಿದರಂತೆ. ‘ಯಾರು ಓದ್ತಾರೆ ಇದನ್ನ?’ ಎಂದು ಸಂಪಾದಕರು ಕೇಳಿದಾಗ ಅಟ್ರಾಕ್ಟಾ ಕೊಟ್ಟ ಉತ್ತರ ಒಂದೇ ಮಾತಿನದು: ‘ಅವರಮ್ಮಂದಿರು.’ ಹಾಗೆ ಹುಟ್ಟಿದ್ದು ‘ಹೊರಗಿರುವ ನಮ್ಮ ಹುಡುಗರು’ ಅಂಕಣ. ಮುಂದೆ ಹೆಣ್ಣುಮಕ್ಕಳೂ ಆಡಲು ಹೊರಟಾಗ ಅದು ‘ಹೊರಗಿರುವ ನಮ್ಮ ಮಕ್ಕಳು’ ಆಯಿತು. ಊರಿನವರ ಬಾಯಲ್ಲಿ ಮಾತ್ರ ಅದು ಮೊದಲಿನಿಂದಲೂ ಬರೀ ‘ಪಟ್ಟಿ’.

ಪಟ್ಟಿಯ ಸ್ವರೂಪ ಬಹಳ ಸರಳ. ಹುಡುಗನ ಹೆಸರು, ಅವನ ಮನೆಯಿರುವ ಬೀದಿ, ಆ ವಾರ ಎಷ್ಟು ನಿಮಿಷ ಆಡಿದ, ಅಷ್ಟೇ. ‘ಯುವ ತಂಡ, 61 ನಿಮಿಷ.’ ‘ಬೆಂಚಿನಲ್ಲಿ ಕೂತಿದ್ದ.’ ‘ಮೊಣಕಾಲು ನೋವು, ಊಟ ಚೆನ್ನಾಗಿ ಮಾಡುತ್ತಿದ್ದಾನೆ.’ ಗೆದ್ದರೋ ಸೋತರೋ ಎಂಬುದು ಎಂದೂ ಇರುತ್ತಿರಲಿಲ್ಲ. ನಾನು 1998ರಲ್ಲಿ ದಕ್ಷಿಣದ ಕಾರ್ಕ್ ನಗರದಿಂದ ಉಪಸಂಪಾದಕನಾಗಿ ಬಂದ ಹೊಸತರಲ್ಲಿ ಇದನ್ನು ಪ್ರಶ್ನಿಸಿದೆ.

‘ಯಾರು ಗೆದ್ರು ಅಂತ ಬೇರೆ ಪೇಪರ್‌ನಲ್ಲೆಲ್ಲ ಬರತ್ತಲ್ಲ’ ಎಂದರು ಅವರು, ಟೆಲಿಫೋನಿನ ಮೇಲಿಂದ ಕಣ್ಣೆತ್ತದೆ. ‘ನಮ್ಮ ಹುಡುಗ ಮನೆಗೆ ಬರ್ತಾನಾ ಇಲ್ವಾ, ಅದೊಂದೇ ನಾನು ನೋಡೋ ಮ್ಯಾಚು. ನೀನು ಕಾರ್ಕಿನವನು, ನಿಂಗೆ ನಿಧಾನಕ್ಕೆ ಅರ್ಥ ಆಗತ್ತೆ.’

ಅದೊಂದೇ ಮ್ಯಾಚು ಎಂದದ್ದನ್ನು ನಾನು ಒಂದು ಚಮತ್ಕಾರದ ಮಾತೆಂದು ನಕ್ಕುಬಿಟ್ಟೆ. ಕಾರ್ಕಿನವನು ಎಂಬ ಬಿರುದಂತೂ ನನಗೆ ಅಂಟಿಕೊಂಡಿತು. ಇಲ್ಲೇ ಮದುವೆಯಾಗಿ, ಮೂರು ಮಕ್ಕಳಾಗಿ, ಇಲ್ಲಿನ ಚರ್ಚಿನ ಹಿತ್ತಿಲಲ್ಲಿ ಮುಂದೆ ಮಲಗುವ ಜಾಗವನ್ನೂ ಗೊತ್ತುಮಾಡಿಕೊಂಡ ಮೇಲೂ ಅದು ಹೋಗಿಲ್ಲ.

ಅವರ ಕೆಲಸದ ಕ್ರಮವನ್ನು ಕಣ್ಣಾರೆ ಕಂಡವನು ನಾನು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೋಟು ತೆಗೆದು, ಬಲಗಿವಿಯ ಓಲೆ ಬಿಚ್ಚಿಟ್ಟು, ಒಂದಾದ ಮೇಲೊಂದು ಫೋನು. ಮೊದಲು ತಾಯಿಗೆ, ಆಮೇಲೆ ಹುಡುಗ ಉಳಿದುಕೊಂಡಿರುವ ಮನೆಯವರಿಗೆ, ಎಲ್ಲಕ್ಕಿಂತ ಕೊನೆಗೆ ಕ್ಲಬ್ಬಿಗೆ. ಎಲ್ಲರಿಗೂ ಮೊದಲ ಪ್ರಶ್ನೆ ಒಂದೇ: ‘ಊಟ ಮಾಡ್ತಿದ್ದಾನಾ?’ ಇಂಗ್ಲೆಂಡು ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಹದಿನೆಂಟು ತುಂಬದ ನಮ್ಮ ಮಕ್ಕಳು ಅಲ್ಲಿನ ಕ್ಲಬ್ಬುಗಳಿಗೆ ಹೋಗುವಂತಿಲ್ಲವಾಗಿ, ಇಟಲಿಗೂ ಜರ್ಮನಿಗೂ ಹೋಗತೊಡಗಿದರು. ಆಗ ಅಟ್ರಾಕ್ಟಾ ಅರವತ್ತು ದಾಟಿದ ಪ್ರಾಯದಲ್ಲಿ ಇಟಾಲಿಯನ್ ಭಾಷೆಯ ಮೂರು ವಾಕ್ಯಗಳನ್ನು ಬಾಯಿಪಾಠ ಮಾಡಿದರು: ನಾನು ಐರ್ಲೆಂಡಿನವಳು, ಹುಡುಗ ಊಟ ಮಾಡುತ್ತಿದ್ದಾನೆಯೇ, ರಾತ್ರಿ ನಿದ್ದೆ ಬರುತ್ತಿದೆಯೇ. ಆ ಮೂರೇ ವಾಕ್ಯದ ಬಲದ ಮೇಲೆ ಅವರು ಇಟಲಿಯ ಒಬ್ಬ ಮನೆಯೊಡತಿಯ ಜೊತೆ ಅರ್ಧ ಗಂಟೆ ಮಾತಾಡಿದ್ದನ್ನು ಕೇಳಿ ನಾವೆಲ್ಲ ಕಣ್ಣು ಕಣ್ಣು ಬಿಟ್ಟೆವು.

ಈ ಪಟ್ಟಿಗೆ ಒಂದು ಕಟ್ಟಳೆಯಿತ್ತು. ಹೊರಗೆ ಹೋದ ಹತ್ತು ಹುಡುಗರಲ್ಲಿ ಎಂಟೊಂಬತ್ತು ಮಂದಿಯನ್ನು ಕ್ಲಬ್ಬುಗಳು ಎರಡು ಮೂರು ವರ್ಷದಲ್ಲಿ ಕೈಬಿಡುತ್ತವೆ. ಅಂಥ ಹುಡುಗನ ಹೆಸರು ಪಟ್ಟಿಯಿಂದ ಹೋಗುವ ಮುನ್ನ ಕೊನೆಯದಾಗಿ ಒಮ್ಮೆ, ‘ಮನೆಗೆ ಬಂದಿದ್ದಾನೆ’ ಎಂದು ಅಚ್ಚಾಗುತ್ತಿತ್ತು. ಆದರೆ ಆ ಸಾಲನ್ನು ಹುಡುಗ ತಾನಾಗಿ ಅಟ್ರಾಕ್ಟಾಗೆ ಹೇಳಬೇಕು. ಕ್ಲಬ್ಬು ಹೇಳಿದರೆ ಸಾಲದು, ತಾಯಿ ಹೇಳಿದರೂ ಸಾಲದು. ಅವನು ಹೇಳುವವರೆಗೆ ಅವನ ಹೆಸರಿನ ಮುಂದೆ ‘ಸುದ್ದಿ ಇಲ್ಲ’ ಎಂದು ಅಚ್ಚಾಗುತ್ತಲೇ ಇರುತ್ತದೆ. ಒಬ್ಬ ಹುಡುಗನಂತೂ ಹಾಲೆಂಡಿನಿಂದ ವಾಪಸು ಬಂದು ನಮ್ಮ ಕಚೇರಿಯ ಎದುರಿನ ಮರದ ಅಡ್ಡೆಯಲ್ಲೇ ಹಲಗೆ ಹೊರುತ್ತಿದ್ದ. ದಿನಕ್ಕೆ ನಾಲ್ಕು ಸಲ ನಮ್ಮ ಕಿಟಕಿಯ ಮುಂದೆಯೇ ಓಡಾಡುತ್ತಿದ್ದ. ಹದಿನಾಲ್ಕು ತಿಂಗಳು ಪತ್ರಿಕೆ ಅವನ ಬಗ್ಗೆ ‘ಸುದ್ದಿ ಇಲ್ಲ’ ಎಂದೇ ಬರೆಯಿತು.

‘ಅಲ್ಲೇ ಇದ್ದಾನಲ್ಲ, ನೋಡಿ’ ಎಂದು ನಾನು ಕಿಟಕಿಯತ್ತ ಬೆರಳು ತೋರಿಸಿದೆ.

‘ನಂಗೂ ಕಣ್ಣಿದೆ. ಅವನೇ ಹೇಳಲಿ.’

ಹದಿನೈದನೆಯ ತಿಂಗಳು ಒಂದು ಮಧ್ಯಾಹ್ನ ಅವನು ತಲೆಯಲ್ಲಿ ಮರದ ಪುಡಿ ಇಟ್ಟುಕೊಂಡೇ ರಸ್ತೆ ದಾಟಿ ಬಂದು, ಅವರ ಮೇಜಿನ ಮುಂದೆ ನಿಂತು, ‘ಬಂದಿದ್ದೀನಿ’ ಎಂದ. ‘ಬಾಪ್ಪ, ಕೂತ್ಕೋ’ ಎಂದು ಅವರು ಅವನ ಎದುರಿಗೇ ಆ ಸಾಲು ಬರೆದು ತೋರಿಸಿದರು. ನಾನು ಆಗಲೂ ಅದನ್ನೊಂದು ಹುಚ್ಚು ಹಟವೆಂದೇ ಎಣಿಸಿದ್ದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. 2001ರ ಫೆಬ್ರವರಿಯಲ್ಲಿ ಅಟ್ರಾಕ್ಟಾ ಅವರ ತಾಯಿ ತೀರಿಕೊಂಡರು. ಸೋಮವಾರ ಮಣ್ಣು. ಚರ್ಚು ಕಿಕ್ಕಿರಿದಿತ್ತು, ಹಿಂದೆ ಜನ ಗೋಡೆಗೆ ಒರಗಿ ನಿಂತಿದ್ದರು. ಆದರೂ ಮುಂದಿನ ಬೆಂಚಿನಲ್ಲಿ ಅಟ್ರಾಕ್ಟಾ ಅವರ ಪಕ್ಕದ ಜಾಗ ಖಾಲಿಯಿತ್ತು, ಅಲ್ಲಿ ಯಾರೂ ಕೂರಲಿಲ್ಲ. ನಾನು ಮಹಾ ಸೌಜನ್ಯದಿಂದ ಹೋಗಿ ಕೂರಲು ಹೊರಟೆ. ಯಾರೋ ಹಿಂದಿನಿಂದ ನನ್ನ ತೋಳು ಹಿಡಿದು ಎಳೆದರು. ಊರಿನ ರೀತಿ ಇರಬಹುದೆಂದುಕೊಂಡು ಸುಮ್ಮನಾದೆ. ಅಂದು ಮಧ್ಯಾಹ್ನ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಬುದ್ಧಿವಂತಿಕೆ ಮಾಡಿ ಮೊದಲು ಕ್ಲಬ್ಬುಗಳಿಗೇ ಫೋನು ಹಚ್ಚಿದೆ. ಉತ್ತರ ಇಂಗ್ಲೆಂಡಿನ ಒಂದು ಕ್ಲಬ್ಬಿನ ಗುಮಾಸ್ತೆ, ನಮ್ಮೂರಿನ ಓರನ್ ಮ್ಯಾಕ್‌ಷಾರಿ ಎಂಬ ಹದಿನೇಳರ ಹುಡುಗನನ್ನು ಮೂರು ವಾರದ ಹಿಂದೆಯೇ ಬಿಟ್ಟಿದ್ದೇವೆ ಎಂದಳು. ಹಿಂದಿನ ವಾರದ ಪಟ್ಟಿಯಲ್ಲಿ ಅವನು ‘ಬೆಂಚಿನಲ್ಲಿ’ ಇದ್ದ; ತಮ್ಮ ತಾಯಿಯ ಕಾಯಿಲೆಯ ಆ ವಾರಗಳಲ್ಲಿ ಅಟ್ರಾಕ್ಟಾ ಅವರಿಗೆ ಹುಡುಗರ ಅಮ್ಮಂದಿರಿಗಷ್ಟೇ ಫೋನು ಮಾಡಲು ಸಾಧ್ಯವಾಗಿತ್ತು. ದೊಡ್ಡ ತಪ್ಪೊಂದನ್ನು ಹಿಡಿದೆನೆಂದು ನಾನು ಹಿಗ್ಗಿಹೋದೆ. ‘ಓರನ್ ಮ್ಯಾಕ್‌ಷಾರಿ, ಕೀ ಸ್ಟ್ರೀಟ್: ಕ್ಲಬ್ಬು ಕೈಬಿಟ್ಟಿದೆ’ ಎಂದು ಬರೆದೆ. ಬರೆದದ್ದು ನೂರಕ್ಕೆ ನೂರು ನಿಜ.

ಓರನ್‌ನ ತಾಯಿ ಬ್ರೀಜ್ ಮ್ಯಾಕ್‌ಷಾರಿ ನಮ್ಮ ಶಾಲೆಯ ಮುಂದೆ ಹಳದಿ ಕೋಟು ತೊಟ್ಟು, ಕೋಲಿನ ಫಲಕ ಹಿಡಿದು, ಮಕ್ಕಳನ್ನು ರಸ್ತೆ ದಾಟಿಸುವವರು. ಬುಧವಾರ ಬೆಳಿಗ್ಗೆ ಪತ್ರಿಕೆ ಅಂಗಡಿಗೆ ಬಂದಿತ್ತು, ಬ್ರೀಜ್ ಇನ್ನೂ ಓದಿರಲಿಲ್ಲ. ಮಕ್ಕಳನ್ನು ಬಿಡಲು ಬಂದ ಒಬ್ಬ ತಾಯಿ ಅವರ ಕೈ ಒತ್ತಿ, ‘ಬೇಜಾರು ಮಾಡ್ಕೋಬೇಡ ಬ್ರೀಜ್, ಹುಡುಗ ಗಟ್ಟಿ ಇದ್ದಾನೆ’ ಎಂದಳಂತೆ. ಯಾವ ಹುಡುಗ, ಏನಾಯಿತು ಎಂದು ಇವರು ಕೇಳಿದರಂತೆ. ಪ್ರತಿ ಭಾನುವಾರ ಓರನ್ ತಾಯಿಗೆ ಫೋನು ಮಾಡಿ, ತಂಡದಲ್ಲಿದ್ದೇನೆ, ಅವಕಾಶ ಕಾಯುತ್ತಿದ್ದೇನೆ ಎನ್ನುತ್ತಿದ್ದ. ಬ್ರೀಜ್ ಅವನಿದ್ದ ಮನೆಗೆ ಫೋನು ಮಾಡಿದರು. ಹುಡುಗ ಮೂರು ವಾರದ ಹಿಂದೆಯೇ, ಊರಿಗೆ ಹೋಗ್ತೀನಿ ಅಂತ ಚೀಲ ತಗೊಂಡು ಹೋದನಲ್ಲ, ಬಂದಿಲ್ಲವೇ ಎಂದಳು ಆ ಮನೆಯೊಡತಿ. ಅಂದು ಸಂಜೆ ಇದು ನನ್ನ ಕಿವಿಗೆ ಬಿತ್ತು. ಹುಡುಗ ಎಲ್ಲಿದ್ದಾನೆಂದು ಎರಡು ದೇಶದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಗುರುವಾರ ಅಟ್ರಾಕ್ಟಾ ಕೆಲಸಕ್ಕೆ ಬಂದರು. ಪತ್ರಿಕೆ ಮೇಜಿನ ಮೇಲಿತ್ತು. ಕೋಟು ತೆಗೆಯದೆ ಕೂತು ಓದಿದರು. ಬೈಯುತ್ತಾರೆಂದು ನಾನು ಕಾದೆ.

‘ಅವನು ಹೇಳಿದ್ನಾ?’

‘ಕ್ಲಬ್ಬಿನವರು ಹೇಳಿದ್ರು...’

‘ಅವನು ಹೇಳಿದ್ನಾ ಅಂತ ಕೇಳಿದೆ.’

‘ಇಲ್ಲ.’

ಅವರು ಪತ್ರಿಕೆಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡರು. ಎದ್ದು, ‘ಕೋಟು ಹಾಕ್ಕೊ’ ಎಂದರು. ತಾಯಿಯನ್ನು ಮಣ್ಣು ಮಾಡಿ ಮೂರು ದಿನವಾಗಿತ್ತಷ್ಟೇ. ಆ ಹೆಂಗಸು ನನ್ನನ್ನು ಕಟ್ಟಿಕೊಂಡು ಡಬ್ಲಿನ್ ಬಸ್ಸು ಹತ್ತಿದರು, ಅಲ್ಲಿಂದ ಮಧ್ಯಾಹ್ನದ ಹಡಗು. ಸಮುದ್ರದಾಚೆ ಹಡಗು ನಿಲ್ಲುವುದು ವೇಲ್ಸ್‌ನ ಹೋಲಿಹೆಡ್ ಬಂದರಿನಲ್ಲಿ. ಕ್ಲಬ್ಬಿದ್ದ ನಗರಕ್ಕೆ ಇನ್ನೂ ಮೂರು ಗಂಟೆಯ ರೈಲು. ನಾನು ರೈಲು ನಿಲ್ದಾಣದತ್ತ ಹೊರಟರೆ ಅವರು ಅಲ್ಲೇ ನಿಂತರು.

‘ಎಲ್ಲಿಗೆ?’

‘ರೈಲಿಗೆ.’

‘ಊರಿಗೆ ಹೋಗ್ತೀನಿ ಅಂತ ಹೊರಟವನು ಅಲ್ಲೇನು ಮಾಡ್ತಾನೆ? ಇಲ್ಲೀವರೆಗೂ ಬಂದಿರ್ತಾನೆ. ಇಲ್ಲಿಂದ ಮುಂದಕ್ಕೇ ಕಾಲು ಏಳೋದಿಲ್ಲ.’

ಅದು ಅವರಿಗೆ ಹೇಗೆ ಗೊತ್ತೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರು ಮೊದಲು ಬಂದರಿನ ಕಾಯುವ ಕೋಣೆಗೆ ಹೋಗಿ ಒಂದೊಂದು ಬೆಂಚನ್ನೂ ನೋಡಿದರು. ಒಂದು ಸುತ್ತು ಮುಗಿಸಿ ಮತ್ತೊಂದು ಸುತ್ತು ನೋಡಿದರು. ಎರಡನೆಯ ಸಲ ಅವರ ಕಣ್ಣು ಹುಡುಗರ ಮೇಲಿರಲಿಲ್ಲ, ಮಧ್ಯವಯಸ್ಸಿನ ಗಂಡಸರ ಮೇಲಿತ್ತು. ದಣಿದಿದ್ದಾರೆ ಎಂದುಕೊಂಡೆ. ಆ ಸಂಜೆ ಬಂದರಿನ ಸುತ್ತಣ ಹೋಟೆಲುಗಳ ಬಾಗಿಲು ತಟ್ಟುತ್ತ ಹೋದೆವು. ‘ನಮ್ಮ ಕಡೆಯ ಹುಡುಗ ಯಾರಾದ್ರೂ ಪಾತ್ರೆ ತೊಳೀತಾನಾ ಇಲ್ಲಿ?’ ಎಂದು ಅವರು ಎಲ್ಲೆಡೆಯೂ ಕೇಳಿದರು. ಮೂರನೆಯ ಹೋಟೆಲಿನ ಯಜಮಾನ ಒಳಗೆ ನೋಡಿ ಕೂಗಿದ. ಸೋಪಿನ ನೊರೆ ಮೆತ್ತಿದ ಕೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತ ಓರನ್ ಹೊರಗೆ ಬಂದ. ಎರಡು ಮೂರು ಸಲ ಟಿಕೆಟ್ ತೆಗೆದಿದ್ದನಂತೆ. ಹಡಗಿನ ಏಣಿಯವರೆಗೆ ಹೋಗಿ ವಾಪಸು ಬಂದಿದ್ದನಂತೆ. ತಾಯಿಗೆ ಫೋನು ಮಾಡುತ್ತಿದ್ದದ್ದು ಇಲ್ಲಿಯ ಟೆಲಿಫೋನ್ ಬೂತಿನಿಂದಲೇ.

ಅಟ್ರಾಕ್ಟಾ ಅವನನ್ನು ಅಪ್ಪಿಕೊಳ್ಳಲಿಲ್ಲ, ಊರಿಗೆ ಬಾ ಎನ್ನಲಿಲ್ಲ. ಕೈಚೀಲದಿಂದ ನೋಟ್‌ಬುಕ್ಕು ತೆಗೆದರು.

‘ನಾನಪ್ಪ, ಅಟ್ರಾಕ್ಟಾ. ಸೋಮವಾರ ಪಟ್ಟಿ ಬರೀಬೇಕು. ನಿನ್ನ ಹೆಸರಿನ ಮುಂದೆ ಏನಂತ ಬರೀಲಿ?’

‘ಬರೆದುಬಿಟ್ಟಿದ್ದೀರಂತಲ್ಲ. ನಮ್ಮೂರಿನ ಲಾರಿಯವನು ಸಿಕ್ಕಿ ಹೇಳಿದ.’ ಅವನು ನಮ್ಮಿಬ್ಬರನ್ನೂ ನೋಡಿದ. ‘ಯಾರು ಬರೆದಿದ್ದು ಅದನ್ನ?’

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು, ‘ಪೇಪರ್ ಬರೆದಿದ್ದು. ಪೇಪರ್ ಅಂದ್ರೆ ನಾನು. ತಪ್ಪಾಯ್ತು’ ಎಂದರು. ನಾನು ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ಹುಡುಗ ನೋಟ್‌ಬುಕ್ಕಿನತ್ತ ನೋಡಿದ. ‘ಸುದ್ದಿ ಇಲ್ಲ ಅಂತ ಬರೀರಿ.’

‘ಆಯ್ತು’ ಎಂದು ಅವರು ಅವನ ಎದುರಿಗೇ ಹಾಗೆಯೇ ಬರೆದುಕೊಂಡರು. ಆಮೇಲೆ ನಾವು ಮೂವರೂ ಆಲೂಗಡ್ಡೆ, ಮೀನು ತಿಂದೆವು. ಬೆಳಗಿನ ಹಡಗಿಗೆ ನಾವಿಬ್ಬರೂ ಹೋಗುತ್ತೇವೆಂದು ಮಾತ್ರ ಅವನಿಗೆ ತಿಳಿಸಿದರು. ಬೆಳಿಗ್ಗೆ ಏಣಿಯ ಬುಡದಲ್ಲಿ ಚೀಲ ಹಿಡಿದು ಓರನ್ ನಿಂತಿದ್ದ. ಅರ್ಧ ದಾರಿ ಬಂದ ಮೇಲೆ ಅವನು ಅವರ ಬಳಿ ಬಂದು ಕೂತ.

‘ಈಗ ಬರೀಬಹುದು.’

‘ಏನಂತ?’

‘ಮನೆಗೆ ಬಂದಿದ್ದಾನೆ ಅಂತ.’

‘ಸಮುದ್ರದ ಮಧ್ಯೆ ಇದ್ದೀವಿ ಕಣೋ’ ಎಂದರು ಅಟ್ರಾಕ್ಟಾ. ‘ಹಡಗು ದಡ ಸೇರಲಿ. ಸುಳ್ಳು ಬರೆಯೋ ಅಭ್ಯಾಸ ನಂಗಿಲ್ಲ.’

ಮುಂದಿನ ಬುಧವಾರ ಪಟ್ಟಿಯ ಕೆಳಗೆ ಒಂದು ಕ್ಷಮಾಪಣೆ ಅಚ್ಚಾಯಿತು: ‘ಕಳೆದ ವಾರ ಒಂದು ಸಾಲನ್ನು, ಅದು ಯಾರದೋ ಅವರನ್ನು ಕೇಳದೆ ಪ್ರಕಟಿಸಲಾಯಿತು. ಕ್ಷಮೆ ಇರಲಿ.’ ನಿಜ ಬರೆದಿದ್ದಕ್ಕೆ ಯಾವ ಪತ್ರಿಕೆ ಕ್ಷಮೆ ಕೇಳುತ್ತದೆ ಎಂದು ಸಂಪಾದಕರು ಹಾರಾಡಿದರು. ಅಟ್ರಾಕ್ಟಾ ಅದರ ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಿದರು, ನನ್ನ ಹೆಸರು ಎತ್ತಲಿಲ್ಲ. ಮುಂದೆ ಆರು ತಿಂಗಳು ಫೋನುಗಳನ್ನೆಲ್ಲ ನನ್ನಿಂದಲೇ ಮಾಡಿಸಿ ಪಕ್ಕದಲ್ಲಿ ಕೂತು ಕೇಳಿಸಿಕೊಂಡರು. ಊಟದ ಪ್ರಶ್ನೆ ಮರೆತರೆ ರೂಲುದೊಣ್ಣೆಯಿಂದ ಮೇಜು ಕುಟ್ಟುತ್ತಿದ್ದರು.

ಆ ಸಾಲು ಬರೆದವನು ನಾನು. ಇಪ್ಪತ್ತಮೂರು ವರ್ಷ ಊರು ಅದನ್ನು ಅಟ್ರಾಕ್ಟಾ ಅವರ ಏಕೈಕ ಎಡವಟ್ಟೆಂದು ತಿಳಿದಿದೆ, ನಾನು ತಿಳಿಯಗೊಟ್ಟಿದ್ದೇನೆ. ಓರನ್ ಈಗ ನಮ್ಮೂರಿನ ಮಕ್ಕಳ ತಂಡದ ತರಬೇತುದಾರರು, ಈ ಸಂಪುಟ ಸಮಿತಿಯ ಕಾರ್ಯದರ್ಶಿಗಳೂ ಹೌದು. ಇದನ್ನು ಅಚ್ಚಿನಲ್ಲಿ ಓದುವ ಮೊದಲು ಅವರಿಗೆ ನಾನೇ ಹೇಳಬೇಕೆಂದು ಹೋದ ವಾರ ಮೈದಾನಕ್ಕೆ ಹೋದೆ. ‘ಗೊತ್ತಿತ್ತು ಬಿಡಿ’ ಎಂದರು ಓರನ್, ಚೆಂಡುಗಳನ್ನು ಚೀಲಕ್ಕೆ ತುಂಬುತ್ತ. ‘ಆ ದಿನ ಹೋಟೆಲ್‌ನಲ್ಲಿ ನಿಮ್ಮ ಮುಖ ನೋಡಿದ್ರೆ ಕುರುಡನಿಗೂ ಗೊತ್ತಾಗ್ತಿತ್ತು. ನೀವೇ ಹೇಳಲಿ ಅಂತ ಬಿಟ್ಟಿದ್ದೆ.’ ನಾನೂ ಬಗ್ಗಿ ಉಳಿದ ಚೆಂಡುಗಳನ್ನು ಹೆಕ್ಕತೊಡಗಿದೆ.

ಇನ್ನು ಮೂರು ವಾರದ ಹಿಂದಿನ ಆ ಸೋಮವಾರ. ಅಟ್ರಾಕ್ಟಾ ಅವರ ಕೊನೆಯ ಪಟ್ಟಿ ನನ್ನ ಮೇಜಿಗೆ ಬಂತು. ಹನ್ನೊಂದು ಹೆಸರು. ಇಟಲಿ, 74 ನಿಮಿಷ. ಜರ್ಮನಿ, ಬೆಂಚಿನಲ್ಲಿ. ಮೂವರ ಮುಂದೆ ‘ಸುದ್ದಿ ಇಲ್ಲ’. ಎಲ್ಲ ಸರಿಯಿತ್ತು. ಕಟ್ಟಕಡೆಗೆ ಹನ್ನೆರಡನೆಯ ಸಾಲೊಂದಿತ್ತು:

‘ಫರ್ಗಲ್ ಗಿಲ್‌ಮಾರ್ಟಿನ್, ಚರ್ಚ್ ಲೇನ್: ಮನೆಗೆ ಬಂದಿದ್ದಾನೆ.’

ಆ ಹೆಸರಿನ ಹುಡುಗ ಹಿಂದಿನ ವಾರದ ಪಟ್ಟಿಯಲ್ಲಿರಲಿಲ್ಲ. ಹಿಂದಿನ ವರ್ಷವೂ ಇರಲಿಲ್ಲ. ನಾನು ಬಂದಾಗಿನಿಂದ ಇಪ್ಪತ್ತಾರು ವರ್ಷದಲ್ಲಿ ಎಂದೂ ಕಂಡಿರಲಿಲ್ಲ. ಚರ್ಚ್ ಲೇನಿನಲ್ಲಿ ಫುಟ್‌ಬಾಲ್ ಆಡುವ ವಯಸ್ಸಿನವರೇ ಇಲ್ಲ. ಇರುವ ಆರು ಮನೆಗಳಲ್ಲಿ ಒಂದು ಅಟ್ರಾಕ್ಟಾ ಅವರದೇ. ಪಾಪ, ಕೊನೆಯ ದಿನದ ಗಲಿಬಿಲಿಯಲ್ಲಿ ತಮ್ಮದೇ ಅಡ್ಡಹೆಸರು, ತಮ್ಮದೇ ಬೀದಿ ಬರೆದುಬಿಟ್ಟಿದ್ದಾರೆಂದು ಕೆಂಪು ಪೆನ್ನು ತೆಗೆದು ಆ ಸಾಲನ್ನು ಅರ್ಧ ಹೊಡೆದೆ. ಅಷ್ಟು ಹೊಡೆದ ಮೇಲೆ, ಕೇಳಿಯೇ ಬಿಡೋಣ ಎಂದು ಕತ್ತೆತ್ತಿದೆ.

‘ಈ ಫರ್ಗಲ್ ಯಾರು? ಕ್ಲಬ್ಬಿನವರು ಹೇಳಿದ್ರಾ?’

‘ಅವನೇ ಹೇಳಿದ’ ಎಂದರು.

‘ಯಾರವನು?’

‘ನಮ್ಮಣ್ಣ.’

ಅವರಿಗೆ ಅಣ್ಣನಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಅವರು ಓಲೆಯನ್ನು ಕಿವಿಗೆ ಸಿಕ್ಕಿಸಿಕೊಂಡು, ಕೆಟಲಿಗೆ ನೀರು ತುಂಬಲು ಎದ್ದುಹೋದರು. ಸ್ವೆಟರಿನ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡಿದ್ದರು. ಅಷ್ಟು ವರ್ಷದಲ್ಲಿ ಅವರನ್ನು ಹಾಗೆ ಕಂಡದ್ದು ಅದೇ ಮೊದಲು.

ನಾನು ನೆಲಮಾಳಿಗೆಗೆ ಇಳಿದು ಹಳೆಯ ಸಂಪುಟಗಳನ್ನು ತೆರೆದೆ. ಅಣ್ಣನೆಂದ ಮೇಲೆ ಎಪ್ಪತ್ತರ ದಶಕವೇ ಇರಬೇಕು. 1975ರ ನವೆಂಬರ್ ತಿಂಗಳ ಒಂದು ಸಂಚಿಕೆ, ಕ್ರೀಡಾ ಪುಟದ ಮೂಲೆ. ಬರೆದವರ ಹೆಸರಿಲ್ಲ. ‘ಫರ್ಗಲ್ ಗಿಲ್‌ಮಾರ್ಟಿನ್, ಚರ್ಚ್ ಲೇನ್: ಕ್ಲಬ್ಬು ಕೈಬಿಟ್ಟಿದೆ.’ ನಾನು ಇಪ್ಪತ್ತೈದು ವರ್ಷದ ತರುವಾಯ ಬ್ರೀಜ್ ಅವರ ಮಗನ ಹೆಸರಿನ ಮುಂದೆ ಬರೆದದ್ದೂ ಇದೇ ಎರಡು ಪದ. ತಾಯಿಯನ್ನು ಮಣ್ಣು ಮಾಡಿ ಬಂದ ಹೆಂಗಸಿನ ಮೇಜಿನ ಮೇಲೆ ನಾನು ಇಟ್ಟದ್ದು ಈ ಸಾಲನ್ನೇ. ಅಲ್ಲಿಯೇ ಮೆಟ್ಟಿಲ ಮೇಲೆ ಕೂತುಬಿಟ್ಟೆ, ಎಷ್ಟು ಹೊತ್ತೋ ನೆನಪಿಲ್ಲ.

ಹೊರಗೆ ಬಂದಾಗ ಶಾಲೆ ಬಿಡುವ ಹೊತ್ತು. ಬ್ರೀಜ್ ಈಗಲೂ ಹಳದಿ ಕೋಟು ತೊಟ್ಟು ಅಲ್ಲೇ ನಿಲ್ಲುತ್ತಾರೆ. ನನ್ನ ಮುಖ ನೋಡಿಯೇ ಅವರು ಫಲಕ ಎತ್ತಿ ಎರಡೂ ಕಡೆಯ ಕಾರುಗಳನ್ನು ತಡೆದರು.

‘ನಿಮಗೆ ಗೊತ್ತಿತ್ತಾ? ಅವರಣ್ಣನ ವಿಷಯ?’

‘ಊರಿಗೆಲ್ಲ ಗೊತ್ತಪ್ಪ. ಅವಳು ಹೇಳಿರಲಿಲ್ಲ, ಅದಕ್ಕೆ ನಾವೂ ಹೇಳಿರಲಿಲ್ಲ’ ಎಂದರು ಬ್ರೀಜ್. ‘ಮಣ್ಣಿನ ದಿನ ನಿನ್ನ ತೋಳು ಹಿಡಿದು ಎಳೆದದ್ದು ಯಾರು ಅಂದ್ಕೊಂಡೆ?’

ಇದನ್ನೆಲ್ಲ ಬರೆಯಬಹುದೇ ಎಂದು ನಾನು ಅಟ್ರಾಕ್ಟಾ ಅವರನ್ನು ಕೇಳಿದೆ. ‘ನನ್ನನ್ನೇನು ಕೇಳ್ತೀಯ? ಸಾಲು ಯಾರದು? ಅವನನ್ನ ಕೇಳು’ ಎಂದು ಮನೆಗೆ ಕರೆದರು. ಭಾನುವಾರ ಮಧ್ಯಾಹ್ನ ಚರ್ಚ್ ಲೇನಿಗೆ ಹೋದೆ. ಅರವತ್ತೇಳರ ಎತ್ತರದ ಮುದುಕರೊಬ್ಬರು ಅಡುಗೆಮನೆಯ ಬಾಗಿಲಲ್ಲಿ ಕೂತು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದರು. ಮಾತಿನ ಧಾಟಿ ಪೂರಾ ಇಂಗ್ಲೆಂಡಿನದಾಗಿಬಿಟ್ಟಿತ್ತು.

‘ಕಾರ್ಕಿನವನು ನೀನೇನಾ?’

‘ನಾನೇ.’

‘ಕೂತ್ಕೋ. ಅಪ್ಪ ಊರಿಗೆಲ್ಲ ಹೇಳ್ಕೊಂಡು ಬಂದಿದ್ದ, ಕ್ರಿಸ್‌ಮಸ್ಸಿಗೆ ನಮ್ಮ ಹುಡುಗ ದೊಡ್ಡ ತಂಡದಲ್ಲಿ ಆಡ್ತಾನೆ ಅಂತ. ಕ್ಷೌರದಂಗಡೀಲಿ ಅವನ ಮುಂದೇನೇ ಯಾರೋ ಪೇಪರ್ ಗಟ್ಟಿಯಾಗಿ ಓದಿದ್ರಂತೆ. ಬರಬೇಡ ಅಂತ ಯಾರೂ ಅನ್ನಲಿಲ್ಲ ನಂಗೆ. ಒಂದು ತಿಂಗಳು ತಡ ಮಾಡಿದೆ. ಆಮೇಲೆ ತಡ ಮಾಡಿದ್ದಕ್ಕೇ ನಾಚಿಕೆಯಾಯ್ತು. ಹಾಗೇ ನಲವತ್ತೊಂಬತ್ತು ವರ್ಷ.’ ಸಿಪ್ಪೆ ಒಂದೇ ಎಳೆಯಾಗಿ ಕೆಳಗಿಳಿಯುತ್ತಿತ್ತು. ‘ಅಮ್ಮನ ಮಣ್ಣಿಗೆ ಬರ್ತೀನಿ ಅಂತ ಇವಳಿಗೆ ಫೋನ್ ಮಾಡಿದ್ದೆ. ಹೋಲಿಹೆಡ್‌ವರೆಗೂ ಬಂದಿದ್ದೆ. ಎರಡು ದಿನ ಅಲ್ಲಿನ ಕಾಯೋ ಕೋಣೇಲಿ ಕೂತು ವಾಪಸು ಹೋದೆ.’

ಖಾಲಿ ಬಿಟ್ಟ ಜಾಗವೂ, ಎರಡನೆಯ ಸುತ್ತು ನೋಡಿದ ಬೆಂಚುಗಳೂ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದವು. ಅಟ್ರಾಕ್ಟಾ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು.

‘ಈಗ ಹೇಗೆ ಬಂದಿರಿ?’ ಎಂದೆ.

‘ಪಟ್ಟಿ ಕಂಪ್ಯೂಟರ್‌ನಲ್ಲಿ ಬರೋಕೆ ಶುರುವಾದ್ಮೇಲೆ ಒಂದು ವಾರಾನೂ ಬಿಟ್ಟಿಲ್ಲ ನಾನು. ಇವಳು ನಿಲ್ಲಿಸ್ತಾಳೆ ಅಂತ ಹೋದ ತಿಂಗಳು ಓದಿದೆ. ನಿಂತೇ ಹೋದ್ರೆ ಇನ್ಯಾರಿಗೆ ಹೇಳಲಿ ಅನ್ನಿಸ್ತು.’ ಆಲೂಗಡ್ಡೆಯನ್ನು ನೀರಿಗೆ ಹಾಕಿ ನನ್ನನ್ನು ನೋಡಿದರು. ‘ಬರಿ. ಆದ್ರೆ ನಾನೇ ಹೇಳಿದೆ ಅಂತ ಬರಿ.’

ಅವರೇ ಹೇಳಿದರು.

ಈ ಲೇಖನದ ಕರಡನ್ನು ಓದಿ ಅಟ್ರಾಕ್ಟಾ ಅವರು ತಮ್ಮ ಬಗೆಗಿನ ಏಳು ವಿಶೇಷಣಗಳನ್ನು ಹೊಡೆದುಹಾಕಿದ್ದಾರೆ; ‘ಮಹಾಮಾತೆ’ ಎಂಬ ಪದದ ಪಕ್ಕದಲ್ಲಿ ‘ಕುಡಿದಿದ್ದೆಯಾ?’ ಎಂದು ಬರೆದಿದ್ದಾರೆ. ಉಳಿದದ್ದನ್ನು ಮುಟ್ಟಿಲ್ಲ. ಸೋಮವಾರದ ಪಟ್ಟಿ ನಿಲ್ಲುವುದಿಲ್ಲ, ಇನ್ನು ಮುಂದೆ ಅದನ್ನು ನಾನು ಬರೆಯುತ್ತೇನೆ, ಊಟದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಅದರಲ್ಲಿ ಮೂರು ಹೆಸರುಗಳ ಮುಂದೆ ಈ ವಾರವೂ ‘ಸುದ್ದಿ ಇಲ್ಲ’ ಎಂದೇ ಇದೆ. ಆ ಮೂವರೂ ತಾವಾಗಿ ಫೋನು ಮಾಡುವಷ್ಟು ಕಾಲ, ಎಷ್ಟೇ ತಡವಾಗಲಿ ಅಷ್ಟೂ ಕಾಲ, ಅಟ್ರಾಕ್ಟಾ ಗಿಲ್‌ಮಾರ್ಟಿನ್ ಅವರು ಗಟ್ಟಿಮುಟ್ಟಾಗಿ ಬಾಳಲಿ, ಓಲೆ ಬಿಚ್ಚಿಟ್ಟ ಆ ಬಲಗಿವಿ ಚುರುಕಾಗಿರಲಿ ಎಂದು ಹಾರೈಸುತ್ತೇನೆ. ಅವರ ಮನೆಯ ಫೋನ್ ನಂಬರು ಬದಲಾಗಿಲ್ಲ.